ಸಿಬಿಎಸ್ ಕೇಬಲ್ ಬಿಚ್ಚಿಸ್ಬಹುದಾ? ಅಪ್ಪನ 125 ಬೈಕು, ಮಳೆಗಾಲ, ಕೆಸರು ರಸ್ತೆ

ಕೊಪ್ಪದ_ಹುಡ್ಗ

ಎಲ್ರಿಗೂ ನಮಸ್ಕಾರ. ಅಪ್ಪಂಗೆ ಹೊಸ 125 ಸಿಸಿ ಬೈಕ್ ತಗೊಂಡಿದೀವಿ, ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕು, ಸಿಬಿಎಸ್ (ಒಂದು ಬ್ರೇಕ್ ಒತ್ತಿದ್ರೆ ಎರಡೂ ಚಕ್ರ ಹಿಡಿಯೋ ಕಾಂಬಿ ಬ್ರೇಕ್) ಕಂಪ್ನಿಯಿಂದಲೇ ಬಂದಿದೆ. ಅಪ್ಪ ಇಷ್ಟು ವರ್ಷ ಓಡಿಸಿದ್ದು ಹಳೇ 100 ಸಿಸಿ ಗಾಡಿ, ಅದ್ರಲ್ಲಿ ಕಾಲ್ ಬ್ರೇಕ್ ಒತ್ತಿದ್ರೆ ಹಿಂದಿನ ಚಕ್ರ ಮಾತ್ರ ಹಿಡೀತಿತ್ತು, ಕೈ ಬ್ರೇಕ್ ಅವ್ರು ಮುಟ್ತಾನೇ ಇರ್ಲಿಲ್ಲ ಅಂದ್ರೂ ಸರಿ. ಈಗ ಹೊಸದ್ರಲ್ಲಿ ಕಾಲ್ ಬ್ರೇಕ್ ಒತ್ತಿದ್ರೆ ಮುಂದಿನ ಚಕ್ರಾನೂ ಹಿಡಿಯತ್ತೆ. ಟಾರ್ ರಸ್ತೆಲಿ ಏನೂ ತೊಂದ್ರೆ ಇಲ್ಲ, ಚೆನ್ನಾಗೇ ನಿಲ್ಲತ್ತೆ ಅಂತಾರೆ. ಆದ್ರೆ ನಮ್ಮನೆಯಿಂದ ಮೇನ್ ರೋಡಿಗೆ ಬರೋ ದಾರಿ ಇಳಿಜಾರು, ಮಣ್ಣು ರಸ್ತೆ, ಜೂನ್ ಶುರುವಾದ್ರೆ ಕೆಸರು, ಒಂದು ಕಡೆ ಕಲ್ಲಿನ ಮೇಲೆ ಪಾಚಿ. ಅಲ್ಲಿ ಮುಂದಿನ ಚಕ್ರ ಸರ್ ಅಂತ ಜಾರತ್ತೆ ಅಂತ ಹೆದರ್ಕೊಂಡಿದಾರೆ. ಇಲ್ಲಿನ ಮೆಕ್ಯಾನಿಕ್ ಒಬ್ರು "ಐದು ನಿಮಿಷದ ಕೆಲಸ, ಆ ಕೇಬಲ್ ಬಿಚ್ಚಿ ಹಾಕ್ತೀನಿ, ಎಲ್ರೂ ಬಿಚ್ಚಿಸ್ತಾರೆ" ಅಂತಿದಾರೆ.

ಬಿಚ್ಚಿಸ್ಬಹುದಾ? ಬಿಚ್ಚಿಸಿದ್ರೆ ಏನಾಗತ್ತೆ? ಇನ್ನೊಂದು, ತಂಗಿ ಶಿವಮೊಗ್ಗದಲ್ಲಿ ಕಾಲೇಜಿಗೆ ಸ್ಕೂಟರ್ ಓಡಿಸ್ತಾಳೆ, ಅದ್ರಲ್ಲೂ ಸಿಬಿಎಸ್ ಇದೆ, ಅವಳು ಎಡಗೈ ಬ್ರೇಕ್ ಒಂದೇ ಬಳಸೋದು, ಎರಡೂ ಹಿಡಿಯತ್ತಲ್ಲ ಸಾಕು ಅಂತಾಳೆ. ಅದು ಸರಿನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

---

ಸ್ಪ್ಯಾನರ್_ಹುಬ್ಬಳ್ಳಿ

ತಮ್ಮಾ, ಬಿಚ್ಚಿಸಬ್ಯಾಡ. ಮೊದ್ಲ ಅದು ಹೆಂಗ ಕೆಲಸ ಮಾಡತೈತಿ ಅಂತ ತಿಳ್ಕೋ, ಆಮ್ಯಾಲೆ ಅಪ್ಪಾರ ಗಾಡಿ ಯಾಕ ಜಾರತೈತಿ ಅನ್ನೋದು ತಾನಾಗೇ ಗೊತ್ತಾಗತೈತಿ.

ಡ್ರಮ್ ಗಾಡಿಯೊಳಗ ಕಾಲ್ ಪೆಡಲ್‌ನಿಂದ ಹಿಂದಿನ ಡ್ರಮ್ಮಿಗೆ ರಾಡ್ ಹೋಗಿರತೈತಿ, ಅದು ಹಳೇ ಗಾಡಿಯೊಳಗೂ ಇತ್ತು. ಸಿಬಿಎಸ್ ಅಂದ್ರ ಅದೇ ಪೆಡಲ್‌ನಿಂದ ಇನ್ನೊಂದು ಕೇಬಲ್ ಮುಂದಿನ ಡ್ರಮ್ಮಿಗೂ ಹೋಗತೈತಿ. ಕೈ ಲಿವರ್ ಹಿಡಿದ್ರ ಮುಂದಿಂದು ಅಷ್ಟ ಹಿಡಿತೈತಿ, ಪೆಡಲ್ ತುಳಿದ್ರ ಹಿಂದಿಂದು ಪೂರ್ತಿ, ಮುಂದಿಂದು ಸ್ವಲ್ಪ. ಪೆಡಲ್ ಹಗೂರ ಒತ್ತಿದಾಗ ಹಿಂದಿಂದು ಮೊದ್ಲ ಹಿಡಿದು, ಇನ್ನೂ ಜೋರ ತುಳಿದಾಗ ಮುಂದಿಂದು ಬರಬೇಕು, ಅದಕ್ಕಂತ ಭಾಳ ಗಾಡಿಯೊಳಗ ಸ್ಪ್ರಿಂಗ್ ಕೊಟ್ಟಿರ್ತಾರ. ಹೆಸರು ಒಂದೊಂದು ಕಂಪ್ನಿದು ಒಂದೊಂದು, ಹೋಂಡಾದವ್ರು ಸಿಬಿಎಸ್ ಅಂತಾರ, ಹೀರೋದವ್ರು ಐಬಿಎಸ್, ಟಿವಿಎಸ್‌ದವ್ರು ಎಸ್‌ಬಿಟಿ, ಯಮಹಾದವ್ರು ಯುಬಿಎಸ್. ಕೆಲಸ ಹೆಚ್ಚು ಕಮ್ಮಿ ಒಂದ.

ಈಗ ಅಸಲಿ ವಿಷಯಕ್ಕ ಬರ್ತೀನಿ. ಕೆಸರಿನ್ಯಾಗ ಓಡಾಡೋ ಗಾಡಿ ಹಿಂದಿನ ಶೂ (ಡ್ರಮ್ಮಿನೊಳಗ ಉಜ್ಜಿ ಚಕ್ರ ನಿಲ್ಲಿಸೋ ಭಾಗ) ಜಲ್ದಿ ಸವಿತಾವ. ಸವೆದ್ರ ಪೆಡಲ್ ಆಟ ಜಾಸ್ತಿ ಆಗತೈತಿ, ಅಂದ್ರ ಪೆಡಲ್ ಭಾಳ ಕೆಳಗ ಹೋದ್ಮ್ಯಾಲೆ ಹಿಂದಿಂದು ಹಿಡಿತೈತಿ. ಅಷ್ಟರೊಳಗ ಮುಂದಿನ ಕೇಬಲ್ ಎಳಕೊಂಡು ಮುಂದಿನ ಡ್ರಮ್ಮು ಮೊದ್ಲ ಕಚ್ಚಿಬಿಡತೈತಿ! ಹಿಂದ ಮೊದ್ಲ, ಮುಂದ ಆಮ್ಯಾಲೆ ಅನ್ನೋದು ಉಲ್ಟಾ ಆತು. ಗಿರಾಕಿ ಬಂದು "ಮುಂದ ಜಾರತೈತಿ" ಅಂತಾರ, ಮೆಕ್ಯಾನಿಕ್ ಕೇಬಲ್ ಬಿಚ್ಚತಾನ. ಮಾಡಬೇಕಾಗಿದ್ದು ಹಿಂದಿನ ಅಡ್ಜಸ್ಟ್ ನಟ್ ಎರಡು ಸುತ್ತು ಬಿಗಿ ಮಾಡೂದು, ಆಮ್ಯಾಲೆ ಮುಂದಿನ ಸಿಬಿಎಸ್ ಕೇಬಲ್ ಆಟ ಎಷ್ಟೈತಿ ನೋಡೂದು. ಕಂಪ್ನಿ ಹುಡುಗ್ರೂ ಗಡಿಬಿಡಿಯೊಳಗ ಹಿಂದಿನ ನಟ್ ಒಂದು ತಿರುವಿ ಕಳಸ್ತಾರ, ಸಿಬಿಎಸ್ ಕೇಬಲ್ ಮುಟ್ಟೂದಿಲ್ಲ.

ಮನ್ಯಾಗ ಚೆಕ್ ಮಾಡೂದು ಹೆಂಗಂದ್ರ, ಸೆಂಟರ್ ಸ್ಟ್ಯಾಂಡ್ ಹಾಕು, ಒಬ್ಬರು ಹಿಂದಿನ ಕ್ಯಾರಿಯರ್ ಮ್ಯಾಲೆ ಭಾರ ಹಾಕಿ ಮುಂದಿನ ಚಕ್ರ ನೆಲದಿಂದ ಎತ್ತಲಿ, ನೀನು ಮುಂದಿನ ಚಕ್ರ ಕೈಲೆ ತಿರುವು, ಇನ್ನೊಬ್ಬರು ಕಾಲ್ ಪೆಡಲ್ ಮೆಲ್ಲಕ ಕೈಲೆ ಒತ್ತಲಿ. ಹಗೂರ ಒತ್ತಿದಾಗ ಮುಂದಿನ ಚಕ್ರ ಇನ್ನೂ ತಿರಗಬೇಕು, ಜೋರ ಒತ್ತಿದಾಗ ನಿಲ್ಲಬೇಕು. ಹಗೂರ ಒತ್ತಿದಾಗ್ಲೇ ನಿಂತ್ರ ಅಡ್ಜಸ್ಟ್‌ಮೆಂಟ್ ತಪ್ಪೈತಿ. ಎಷ್ಟ ಒತ್ತಿದ್ರೂ ನಿಲ್ಲಲಿಲ್ಲ ಅಂದ್ರ ಕೇಬಲ್ ಸಡ್ಲ ಆಗೇತಿ ಇಲ್ಲಾ ಯಾರೋ ಆಗ್ಲೇ ಬಿಚ್ಯಾರ.

---

ರಸ್ತೆ_ಲೆಕ್ಕ

ಮೇಲಿನವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಬಿಚ್ಚಿಸಿದ್ರೆ ಏನಾಗತ್ತೆ ಅಂತ ಕೇಳಿದ್ರಲ್ಲ, ಅದನ್ನ ಅಂಕಿಲಿ ಹೇಳ್ತೀನಿ, ಯಾಕಂದ್ರೆ "ಸ್ವಲ್ಪ ಜಾಸ್ತಿ ದೂರ ಹೋಗತ್ತೆ" ಅಂತ ಮಾತಲ್ಲಿ ಹೇಳಿದ್ರೆ ಯಾರಿಗೂ ಅದ್ರ ತೂಕ ಗೊತ್ತಾಗಲ್ಲ.

ಬ್ರೇಕ್ ಹಾಕಿದ ತಕ್ಷಣ ಗಾಡಿ ಭಾರ ಮುಂದಕ್ಕೆ ಹೋಗತ್ತೆ, ಹಿಂದಿನ ಚಕ್ರ ಹಗುರ ಆಗತ್ತೆ, ಹಗುರ ಆದ ಚಕ್ರಕ್ಕೆ ನೆಲದ ಹಿಡಿತ ಕಮ್ಮಿ, ಹಂಗಾಗಿ ಹಿಂದಿನ ಬ್ರೇಕ್ ಎಷ್ಟೇ ತುಳಿದ್ರೂ ಒಂದು ಮಟ್ಟದ ಮೇಲೆ ಚಕ್ರ ಲಾಕ್ ಆಗಿ, ಅಂದ್ರೆ ತಿರುಗೋದು ನಿಂತು, ಉಜ್ಜತ್ತೆ ಅಷ್ಟೆ, ಗಾಡಿ ನಿಲ್ಲಲ್ಲ. ಒಣ ಟಾರ್ ರಸ್ತೆಲಿ ಹಿಂದಿನ ಬ್ರೇಕ್ ಒಂದರಿಂದ ಸೆಕೆಂಡಿಗೆ ಸುಮಾರು 3 ಮೀಟರ್/ಸೆಕೆಂಡ್ ಲೆಕ್ಕದಲ್ಲಿ ವೇಗ ಇಳಿಯತ್ತೆ ಅಂತ ಇಟ್ಕೊಳಿ, ಎರಡೂ ಬ್ರೇಕ್ ಸರಿಯಾಗಿ ಹಿಡಿದ್ರೆ ಅದ್ರ ಡಬಲ್, 6. ಗಂಟೆಗೆ 50 ಕಿಮೀ ಸ್ಪೀಡಲ್ಲಿ ಬರ್ತಿದೀರಿ, ದನ ಅಡ್ಡ ಬಂತು. ಹಿಂದಿನ ಬ್ರೇಕ್ ಒಂದೇ ಆದ್ರೆ ನಿಲ್ಲೋಕೆ ಸುಮಾರು 32 ಮೀಟರ್ ಬೇಕು, ಎರಡೂ ಹಿಡಿದ್ರೆ 16 ಮೀಟರ್. ಇದು ಬ್ರೇಕ್ ಕಚ್ಚಿದ ಮೇಲಿನ ಲೆಕ್ಕ, ನೋಡಿ ಕೈಕಾಲು ಆಡೋಕೆ ಒಂದು ಸೆಕೆಂಡ್ ಹಿಡಿದ್ರೆ ಅದಕ್ಕೇ ಇನ್ನೊಂದು 14 ಮೀಟರ್ ಸೇರಿಸ್ಕೊಬೇಕು.

ಇದ್ರಲ್ಲಿ ಜನ ಗಮನಿಸದೇ ಇರೋ ವಿಷಯ ಒಂದಿದೆ. ಎರಡೂ ಬ್ರೇಕ್ ಹಿಡಿದ ಗಾಡಿ 16 ಮೀಟರಿಗೆ ಪೂರ್ತಿ ನಿಂತಿದ್ದಾಗ, ಹಿಂದಿಂದು ಮಾತ್ರ ಹಿಡಿದ ಗಾಡಿ ಅದೇ ಜಾಗಕ್ಕೆ ಬಂದಾಗ ಇನ್ನೂ ಸುಮಾರು 35 ಕಿಮೀ ಸ್ಪೀಡಲ್ಲಿರತ್ತೆ. ಒಬ್ರು ದನದ ಮುಂದೆ ನಿಂತಿರ್ತಾರೆ, ಇನ್ನೊಬ್ರು 35ರಲ್ಲಿ ಅದಕ್ಕೆ ಗುದ್ದುತಾರೆ. ಸಿಬಿಎಸ್ ಈ ಎರಡರ ಮಧ್ಯ ಬರತ್ತೆ, ಮುಂದಿನ ಬ್ರೇಕನ್ನ ಪೂರ್ತಿ ಹಾಕಲ್ಲ, ಪಾಲು ಹಾಕತ್ತೆ. ವೇಗ ಇಳಿಯೋ ಲೆಕ್ಕ 4.5 ಅಂತ ಇಟ್ಕೊಂಡ್ರೆ 21, 22 ಮೀಟರ್. ನಿಮ್ಮ ಅಪ್ಪನ ಥರ ಕೈ ಬ್ರೇಕ್ ಮುಟ್ಟದೇ ಇರೋರಿಗೆ ಆ ಕೇಬಲ್ ಹತ್ತು ಮೀಟರ್ ಉಳಿಸ್ತಿದೆ. ಎರಡೂ ಬ್ರೇಕ್ ಚೆನ್ನಾಗಿ ಬಳಸೋ ರೂಢಿ ಇದ್ದವ್ರು ಬಿಚ್ಚಿಸಿದ್ರೆ ಅಷ್ಟು ವ್ಯತ್ಯಾಸ ಆಗದೇ ಇರಬಹುದು, ಆದ್ರೆ ಬಿಚ್ಚಿಸೋಕೆ ಹೋಗೋರು ಯಾವಾಗ್ಲೂ ಕಾಲ್ ಬ್ರೇಕ್ ಒಂದನ್ನೇ ನಂಬಿರೋರು. ಇದು ನಂಗೆ ತುಂಬಾ ಸಂಕಟ ಕೊಡೋ ವಿಷಯ.

ಕಾನೂನು ವಿಷ್ಯಾನೂ ಹೇಳ್ಬಿಡ್ತೀನಿ. ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್ 1ರಿಂದ, ಆಗ್ಲೇ ಮಾರ್ತಿದ್ದ ಮಾಡೆಲ್‌ಗಳಿಗೆ 2019ರ ಏಪ್ರಿಲ್ 1ರಿಂದ, 125 ಸಿಸಿ ಮೇಲಿನ ಗಾಡಿಗೆ ಎಬಿಎಸ್ (ಚಕ್ರ ಲಾಕ್ ಆಗದ ಹಂಗೆ ತಡೆಯೋ ಬ್ರೇಕ್) ಕಡ್ಡಾಯ, 125 ಮತ್ತು ಅದಕ್ಕಿಂತ ಕೆಳಗಿನದಕ್ಕೆ ಎಬಿಎಸ್ ಇಲ್ಲಾ ಸಿಬಿಎಸ್ ಎರಡ್ರಲ್ಲಿ ಒಂದು ಇರಲೇಬೇಕು ಅಂತ ಆಯ್ತು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪ್ನಿ ಕೊಟ್ಟಿದ್ದನ್ನ ಮಾಲೀಕ ತನ್ನಿಷ್ಟಕ್ಕೆ ಬದಲಾಯಿಸೋ ಹಂಗಿಲ್ಲ. ಸುರಕ್ಷತೆಗೆ ಅಂತಲೇ ಕೊಟ್ಟ ಭಾಗ ಕಿತ್ತ ಗಾಡಿ ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್ ಕ್ಲೇಮಿಗೆ ಹೋದಾಗ ಸರ್ವೇಯರ್ ಮುಂದೆ ಏನಂತ ಹೇಳ್ತೀರಿ, ಅದನ್ನೂ ಯೋಚ್ನೆ ಮಾಡಿ.

---

ಆಗುಂಬೆ_ಕೆಳಗೆ

ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಬಿಚ್ಚಿಸಬಾರದು ಅನ್ನೋದಕ್ಕೆ ನಂದೂ ಒಪ್ಪಿಗೆ ಇದೆ, ಆದ್ರೆ ಅಪ್ಪ ಹೆದರೋದು ಸುಳ್ಳಲ್ಲ. ಬಯಲುಸೀಮೆ ಟಾರ್ ರಸ್ತೆ ಲೆಕ್ಕ ನಮ್ಮ ಕಡೆ ಕೆಸರಿಗೆ ಹಂಗೇ ಹೊಂದಲ್ಲ. ಕೆಸರಲ್ಲಿ ಹಿಂದಿನ ಚಕ್ರ ಲಾಕ್ ಆದ್ರೆ ಹಿಂದೆ ಸ್ವಲ್ಪ ಅತ್ತಿತ್ತ ಆಡತ್ತೆ, ಕಾಲು ಊರಿ ಸುಧಾರಿಸ್ಕೋಬಹುದು. ಮುಂದಿನ ಚಕ್ರ ಲಾಕ್ ಆದ್ರೆ ಹ್ಯಾಂಡಲ್ ಮಾತು ಕೇಳಲ್ಲ, ಕಣ್ಣು ಮಿಟುಕಿಸೋದ್ರೊಳಗೆ ನೆಲದ ಮೇಲಿರ್ತೀವಿ. ಸಿಬಿಎಸ್ ಚಕ್ರ ಲಾಕ್ ಆಗೋದನ್ನ ತಡೆಯಲ್ಲ, ಇದನ್ನ ದಯವಿಟ್ಟು ಎಲ್ರೂ ತಲೆಲಿ ಇಟ್ಕೊಳಿ. ಅದು ಬ್ರೇಕನ್ನ ಎರಡೂ ಚಕ್ರಕ್ಕೆ ಹಂಚತ್ತೆ ಅಷ್ಟೆ. ಲಾಕ್ ಆಗೋದನ್ನ ತಡೆಯೋದು ಎಬಿಎಸ್. ಶೋರೂಮಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ, ಜನ ಸಿಬಿಎಸ್ ಇದ್ರೆ ಗಾಡಿ ಸ್ಕಿಡ್ಡೇ ಆಗಲ್ಲ ಅಂದ್ಕೊಂಡು ಮನೆಗೆ ಬರ್ತಾರೆ.

ಹಾಗಾಗಿ ಮನೆ ಹತ್ರದ ಆ ಇಳಿಜಾರಲ್ಲಿ ಏನು ಮಾಡ್ಬೇಕು? ಮೇಲಿಂದ ಶುರು ಮಾಡೋಕೆ ಮುಂಚೆನೇ ಫಸ್ಟ್ ಗೇರ್ ಹಾಕ್ಬೇಕು, ಕ್ಲಚ್ ಬಿಟ್ಟಿರಬೇಕು, ಇಂಜಿನ್ನೇ ಗಾಡಿನ ಹಿಡ್ಕೊಂಡು ಇಳಿಸತ್ತೆ. ಕಾಲ್ ಬ್ರೇಕ್ ಮೇಲೆ ಪಾದ ಇಟ್ಕೊಂಡಿದ್ರೆ ಸಾಕು, ತೀರಾ ಬೇಕಾದ್ರೆ ಹಗುರಕ್ಕೆ ಒತ್ತಬೇಕು, ಹುಬ್ಬಳ್ಳಿ ಅಣ್ಣ ಹೇಳಿದ ಹಂಗೆ ಅಡ್ಜಸ್ಟ್ ಆಗಿದ್ರೆ ಹಗುರಕ್ಕೆ ಒತ್ತಿದಾಗ ಹಿಂದಿಂದು ಮಾತ್ರ ಹಿಡಿಯತ್ತೆ. ಪಾಚಿ ಕಲ್ಲಿನ ಮೇಲೆ ಯಾವ ಬ್ರೇಕೂ ಬೇಡ, ಅದಕ್ಕೂ ಮುಂಚೆನೇ ಸ್ಪೀಡ್ ಇಳಿಸಿ ನೆಟ್ಟಗೆ ದಾಟ್ಬೇಕು. ಹ್ಯಾಂಡಲ್ ತಿರುಗಿದ್ದಾಗ ಪೆಡಲ್ ಜೋರಾಗಿ ತುಳಿಯೋದು ಬೇಡವೇ ಬೇಡ. ಹಳೇ ಗಾಡಿಲಿ ಯೂ ಟರ್ನ್ ಹೊಡೆಯುವಾಗ ಕಾಲ್ ಬ್ರೇಕ್ ಎಳ್ಕೊಂಡು ನಿಧಾನಕ್ಕೆ ತಿರುಗಿಸೋ ಅಭ್ಯಾಸ ಎಲ್ರಿಗೂ ಇರತ್ತೆ, ಸಿಬಿಎಸ್ ಗಾಡಿಲಿ ಅದೇ ಜೋರಲ್ಲಿ ತುಳಿದ್ರೆ ತಿರುಗಿದ ಮುಂದಿನ ಚಕ್ರಾನೂ ಹಿಡಿದು ಗಾಡಿ ಒಳಗಡೆಗೆ ವಾಲತ್ತೆ. ಅಪ್ಪಂಗೆ ಮುಖ್ಯವಾಗಿ ಬದಲಾಗ್ಬೇಕಿರೋ ಅಭ್ಯಾಸ ಅಂದ್ರೆ ಇದೇ.

ಘಾಟಿ ಇಳಿಯೋದಿದ್ರೂ ಇದೇ ಮಾತು. ಆಗುಂಬೆ ಘಾಟಿಲಿ 14 ಹೇರ್‌ಪಿನ್ ತಿರುವು, ಅಷ್ಟೂ ದೂರ ಪೆಡಲ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಡ್ರಮ್ ಬಿಸಿ ಆಗಿ ಬ್ರೇಕ್ ಮೆತ್ತಗಾಗತ್ತೆ, ಸಿಬಿಎಸ್ ಆದ್ರೆ ಮುಂದೆ ಹಿಂದೆ ಎರಡೂ ಒಟ್ಟಿಗೆ ಬಿಸಿ ಆಗತ್ತೆ. ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು. ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ನೀರು ಹೋಗಿರತ್ತೆ, ಸ್ವಲ್ಪ ದೂರ ಹಗುರಕ್ಕೆ ಬ್ರೇಕ್ ಒತ್ಕೊಂಡು ಹೋಗಿ ಒಣಗಿಸ್ಕೊಳ್ಬೇಕು.

---

ಮೈಸೂರು_ಅಕ್ಕ

ತಂಗಿ ಸ್ಕೂಟರ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನಮ್ಮ ಬೀದಿಲಿ ಎಷ್ಟೋ ಹೆಣ್ಮಕ್ಕಳಿಗೆ ಸ್ಕೂಟರ್ ಕಲಿಸಿದೀನಿ, ಎಲ್ರಿಗೂ ಮನೆಲಿ ಯಾರೋ ಒಬ್ರು ಹೇಳ್ಕೊಟ್ಟಿರೋದು ಒಂದೇ ಪಾಠ, "ಬಲಗೈ ಬ್ರೇಕ್ ಮುಟ್ಬೇಡ, ಮುಗ್ಗರಿಸಿ ಬೀಳ್ತೀಯ". ಈ ಮಾತಿನಿಂದ ಆಗಿರೋ ಅನಾಹುತ ಕಮ್ಮಿ ಅಲ್ಲ. ಆ್ಯಕ್ಟಿವಾಗೆ 2009ರಲ್ಲೇ ಹೋಂಡಾದವ್ರು ಈಕ್ವಲೈಸರ್ (ಬ್ರೇಕ್ ಬಲನ ಎರಡೂ ಚಕ್ರಕ್ಕೆ ಹಂಚೋ ಭಾಗ) ಇರೋ ಕಾಂಬಿ ಬ್ರೇಕ್ ಕೊಟ್ರು, ಎಡಗೈ ಲಿವರ್ ಎಳೆದ್ರೆ ಹಿಂದಿನ ಜೊತೆ ಮುಂದಿಂದೂ ಪಾಲು ಹಿಡಿಯತ್ತೆ. ಎಡಗೈ ಒಂದನ್ನೇ ಹಿಡಿಯೋರು ನಮ್ಮಲ್ಲಿ ಎಷ್ಟು ಜನ ಇದಾರೆ ನೋಡಿ, ಅವ್ರಿಗೆಲ್ಲ ಇದ್ರಿಂದ ಉಪಕಾರ ಆಗಿದೆ. ಆದ್ರೆ ಅದನ್ನ ನಂಬ್ಕೊಂಡು ಬಲಗೈ ಕಲೀದೇ ಇರೋದು ತಪ್ಪು. ಎಡಗೈ ಪಾಲಿನ ಬ್ರೇಕಷ್ಟೇ ಕೊಡತ್ತೆ, ಪೂರ್ತಿ ಬ್ರೇಕ್ ಬೇಕು ಅಂದ್ರೆ ಎರಡೂ ಕೈ ಬೇಕು.

ತಂಗಿಗೆ ಹೀಗೆ ಕಲ್ಸಿ. ಬೆಳಗ್ಗೆ ಜನ ಇಲ್ಲದ ಒಣ ರಸ್ತೆ, ಜಲ್ಲಿ ಮರಳು ಇಲ್ಲ ಅಂತ ನಡ್ಕೊಂಡು ಹೋಗಿ ನೋಡ್ಕೊಳಿ. 20ರಲ್ಲಿ ಬರ್ಲಿ, ಹ್ಯಾಂಡಲ್ ನೆಟ್ಟಗಿರ್ಲಿ, ಮೊದ್ಲು ಎಡಗೈ ಒಂದ್ರಲ್ಲೇ ನಿಲ್ಸಿ ಎಲ್ಲಿ ನಿಂತ್ಲು ಅಂತ ಗುರುತು ಹಾಕಿ. ಆಮೇಲೆ ಎರಡೂ ಕೈ, ಬಲಗೈನ ಗಬಕ್ಕನೆ ಎಳೀದೆ ನಿಂಬೆಹಣ್ಣು ಹಿಂಡೋ ಥರ ಮೆಲ್ಲಗೆ ಶುರು ಮಾಡಿ ಬಿಗಿ ಮಾಡ್ತಾ ಹೋಗ್ಬೇಕು. ಗುರುತು ನೋಡಿದ್ರೆ ಅವಳಿಗೇ ಗೊತ್ತಾಗತ್ತೆ, ನೀವು ಭಾಷಣ ಮಾಡೋದೇ ಬೇಡ. ಮೈ ಮುಂದೆ ಬೀಳದ ಹಂಗೆ ಮಂಡಿ, ಕಾಲು ಗಟ್ಟಿ ಊರಿರ್ಲಿ. ರೂಢಿ ಆದ್ಮೇಲೆ 30, 40ಕ್ಕೆ ಹೋಗ್ಲಿ.

ಇನ್ನೊಂದು ವಿಷ್ಯ, ಸಿಬಿಎಸ್ ಸ್ಕೂಟರಲ್ಲಿ ಎಡಗೈ ಲಿವರ್ ಸ್ವಲ್ಪ ಗಟ್ಟಿ ಇರತ್ತೆ, ಒಂದೇ ಲಿವರ್ ಎರಡು ಕಡೆ ಎಳೀಬೇಕಲ್ಲ. ಕೈ ಚಿಕ್ಕದಿರೋರು ಎರಡು ಬೆರಳಲ್ಲಿ ಎಳೆದು ಬ್ರೇಕೇ ಇಲ್ಲ ಅಂತ ಕಂಪ್ಲೇಂಟ್ ಮಾಡ್ತಾರೆ, ನಾಲ್ಕೂ ಬೆರಳು ಹಾಕ್ಬೇಕು. ಕೇಬಲ್ ಒಳಗೆ ತುಕ್ಕು, ಧೂಳು ಸೇರಿದ್ರೆ ಇನ್ನೂ ಗಟ್ಟಿ ಆಗತ್ತೆ, ಕೇಬಲ್ ಬದಲಾಯಿಸೋಕೆ ಜಾಸ್ತಿ ದುಡ್ಡೇನೂ ಆಗಲ್ಲ. ಮತ್ತೆ ಸ್ಕೂಟರಿಗೆ ಗೇರ್ ಇಲ್ಲ, ಸ್ಪೀಡ್ ತೀರಾ ಕಮ್ಮಿ ಆದಾಗ ಕ್ಲಚ್ ತಾನೇ ಬಿಟ್ಕೊಳತ್ತೆ, ಇಂಜಿನ್ ಹಿಡಿತ ಸಿಗಲ್ಲ, ಅದಕ್ಕೇ ಬ್ರೇಕ್ ವಿಷಯದಲ್ಲಿ ಸ್ಕೂಟರ್ ಓಡಿಸೋರು ಬೈಕಿನವ್ರಿಗಿಂತ ಜಾಸ್ತಿ ಹುಷಾರಾಗಿರ್ಬೇಕು.

---

ವಿ_ಟ್ವಿನ್_ಬೆಂಗ್ಳೂರು

ಲಿಂಕ್ಡ್ ಬ್ರೇಕ್ (ಸಿಬಿಎಸ್ ಥರ ಎರಡೂ ಚಕ್ರದ ಬ್ರೇಕ್ ಜೋಡಿಸಿರೋದು) ಅಂದ್ರೆ ಸಣ್ಣ ಗಾಡಿಗಳ ಅಗ್ಗದ ಐಟಂ ಅಂತ ಕೆಲವ್ರು ಮಾತಾಡ್ತಾರೆ, ಅದಕ್ಕೆ ಇದನ್ನ ಹೇಳ್ಬೇಕು ಅನಿಸ್ತು. ಇಟಲಿಯ ಮೋಟೋ ಗುಟ್ಸಿಯವ್ರು 1970ರ ದಶಕದಲ್ಲೇ 850 ಟಿ3 ಅನ್ನೋ ಗಾಡಿಲಿ ಕಾಲ್ ಪೆಡಲಿಗೆ ಹಿಂದಿನ ಡಿಸ್ಕ್ ಜೊತೆ ಮುಂದಿನ ಎರಡು ಡಿಸ್ಕಲ್ಲಿ ಒಂದನ್ನ ಸೇರ್ಸಿದ್ರು. ಹೋಂಡಾ 90ರ ದಶಕದಲ್ಲಿ ಸಿಬಿಆರ್1100ಎಕ್ಸ್‌ಎಕ್ಸ್, ವಿಎಫ್‌ಆರ್800 ಥರದ ದೊಡ್ಡ ಗಾಡಿಗಳಿಗೆ ಡ್ಯುಯಲ್ ಸಿಬಿಎಸ್ ಹಾಕ್ತು, ಅದ್ರಲ್ಲಿ ಲಿವರ್ ಹಿಡಿದ್ರೂ ಎರಡೂ ಚಕ್ರ, ಪೆಡಲ್ ತುಳಿದ್ರೂ ಎರಡೂ ಚಕ್ರ. ಬಿಎಂಡಬ್ಲ್ಯೂದವ್ರ ಭಾಗಶಃ ಲಿಂಕ್ ಮಾಡಿರೋ ಗಾಡಿಗಳಲ್ಲಿ ಕೈ ಲಿವರ್ ಎರಡನ್ನೂ ಹಿಡಿಯತ್ತೆ, ಪೆಡಲ್ ಹಿಂದಿಂದು ಮಾತ್ರ, ಅಂದ್ರೆ ನಮ್ಮ 125 ಗಾಡಿಗಳಿಗೆ ಪೂರ್ತಿ ಉಲ್ಟಾ. ನಂಗೆ ಅದೇ ಒಳ್ಳೇದು ಅನಿಸತ್ತೆ, ಯಾಕಂದ್ರೆ ನಿಧಾನಕ್ಕೆ ತಿರುಗುವಾಗ, ಮಣ್ಣಲ್ಲಿ, ಹಿಂದಿನ ಬ್ರೇಕ್ ಒಂದೇ ನಮ್ಮ ಕೈಲಿ ಉಳಿಯತ್ತೆ. ಆದ್ರೆ ಅದು ಮುಂದಿನ ಬ್ರೇಕ್ ಬಳಸೋ ರೂಢಿ ಇರೋ ಊರಿನ ಲೆಕ್ಕ. ಇಲ್ಲಿ ಜನ ಕಾಲಿಂದ ಬ್ರೇಕ್ ಹಿಡಿಯೋರು, ಕಾಲಿಗೇ ಜೋಡಿಸಿರೋದು ಸರಿಯಾದ ಯೋಚನೆನೇ.

ಬಜೆಟ್ ಇರೋರು ಎಬಿಎಸ್ ಇರೋ ಗಾಡಿಗೇ ಹೋಗಿ, ಮುಂದಿನ ಚಕ್ರಕ್ಕೆ ಮಾತ್ರ ಇರೋ ಸಿಂಗಲ್ ಚಾನೆಲ್ ಆದ್ರೂ ಪರವಾಗಿಲ್ಲ, ಲಾಕ್ ಆದ್ರೆ ಕೆಡವೋದು ಮುಂದಿನ ಚಕ್ರನೇ ಅಲ್ವಾ. 2025ರ ಜೂನಲ್ಲಿ ಸಣ್ಣ ಗಾಡಿಗಳಿಗೂ ಎಬಿಎಸ್ ಕಡ್ಡಾಯ ಮಾಡೋಕೆ ಕೇಂದ್ರ ಸಾರಿಗೆ ಇಲಾಖೆ ಕರಡು ಅಧಿಸೂಚನೆ ಹೊರಡಿಸಿತ್ತು, ಬೆಲೆ ಏರತ್ತೆ ಅಂತ ತಕರಾರು ಬಂತು. ದುಡ್ಡು ಜಾಸ್ತಿ ಆದ್ರೂ ಅದು ಬರ್ಲೇಬೇಕು ಅನ್ನೋನು ನಾನು. ದಿನಾ ಮೂರು ಜನ ಕೂರ್ಸಿಕೊಂಡು ಹೋಗೋ ಗಾಡಿಗಳು ಅವೇ ತಾನೆ.

---

ಕೊಪ್ಪದ_ಹುಡ್ಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ಸ್ಪ್ಯಾನರ್ ಅಣ್ಣ, ನೀವು ಹೇಳಿದ ಹಂಗೆ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿದ್ವಿ. ಪೆಡಲ್ ಸ್ವಲ್ಪ ಒತ್ತಿದ ಕೂಡ್ಲೆ ಮುಂದಿನ ಚಕ್ರ ನಿಲ್ತಿದೆ, ಹಿಂದಿಂದು ಇನ್ನೂ ಕೆಳಗೆ ಹೋದ್ಮೇಲೆ ಹಿಡೀತಿದೆ! ಅಂದ್ರೆ ನೀವು ಹೇಳಿದ ಉಲ್ಟಾ ಕೇಸೇ. ಅಪ್ಪಂಗೆ ತೋರಿಸ್ದೆ, "ಓ ಇದಕ್ಕಾ" ಅಂತ ಅವ್ರೇ ಸ್ಪ್ಯಾನರ್ ತಗೊಂಡು ಕೂತಿದಾರೆ. ಒಂದು ಡೌಟು, ಹಿಂದಿನ ನಟ್ ಬಿಗಿ ಮಾಡ್ತಾ ಹೋದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗೋದು ಹೆಂಗೆ? ಮತ್ತೆ ಶೂ ಬದಲಾಯಿಸೋ ಹೊತ್ತು ಬಂದಿದೆಯಾ ಅಂತ ಬಿಚ್ಚದೇ ನೋಡ್ಬಹುದಾ?

---

ಸ್ಪ್ಯಾನರ್_ಹುಬ್ಬಳ್ಳಿ

ಭಾಳ ಚಲೋ ಆತು ತಮ್ಮಾ. ನಟ್ ಅರ್ಧ ಅರ್ಧ ಸುತ್ತು ತಿರುವು, ಪ್ರತಿ ಸಲ ಹಿಂದಿನ ಚಕ್ರ ಕೈಲೆ ತಿರುವಿ ನೋಡು. ಶೂ ಡ್ರಮ್ಮಿಗೆ ಉಜ್ಜೋ ಸಪ್ಪಳ ಬಂತಂದ್ರ ಬಿಗಿ ಹೆಚ್ಚಾತು, ವಾಪಸ್ ಅರ್ಧ ಸುತ್ತು ಸಡ್ಲ ಮಾಡು. ಪೆಡಲ್ ಎಷ್ಟು ಆಡಬೇಕು ಅನ್ನೂದು ಗಾಡಿ ಜೊತಿ ಕೊಟ್ಟ ಪುಸ್ತಕದೊಳಗ ಮಿಲಿಮೀಟರ್ ಲೆಕ್ಕದಾಗ ಬರದಿರತೈತಿ, ಅದನ್ನ ನೋಡ್ಕೊ. ಬ್ರೇಕ್ ಲೈಟ್ ಸ್ವಿಚ್ಚೂ ಪೆಡಲಿಗೇ ಇರತೈತಿ, ಅಡ್ಜಸ್ಟ್ ಆದ್ಮ್ಯಾಲೆ ಲೈಟ್ ಸರಿ ಟೈಮಿಗೆ ಹತ್ತತೈತೋ ಇಲ್ಲೋ ನೋಡು, ಹಿಂದ ಬರೋರಿಗೆ ಅದ ಕಾಣೂದು.

ಶೂ ಸವೆದದ್ದು ಬಿಚ್ಚದನ ನೋಡಬಹುದು. ಹಿಂದಿನ ಡ್ರಮ್ ಹೊರಗ, ರಾಡ್ ಬಂದು ಕೂಡೋ ಆರ್ಮ್ ಬಾಜುಕ ಸಣ್ಣ ಬಾಣದ ಗುರುತು ಇರತೈತಿ, ಡ್ರಮ್ ಪ್ಲೇಟ್ ಮ್ಯಾಲೂ ಒಂದು ಗುರುತು. ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಬಾಣ ಆ ಗುರುತಿಗೆ ಬಂದು ಮುಟ್ಟಿತಂದ್ರ ಶೂ ಮುಗದಾವ, ನಟ್ ಬಿಗಿ ಮಾಡಿ ಉಪಯೋಗಿಲ್ಲ, ಹೊಸಾವು ಹಾಕಬೇಕು. ಹೊಸ ಗಾಡಿ ಅಂತೀ, ಇನ್ನೂ ಅಷ್ಟು ಸವೆದಿರಲಿಕ್ಕಿಲ್ಲ, ಆದ್ರ ಮಳಿಗಾಲ ಮುಗದ ಮ್ಯಾಲೆ ಒಮ್ಮೆ ಚಕ್ರ ಬಿಚ್ಚಿಸಿ ಡ್ರಮ್ಮಿನೊಳಗಿನ ಕೆಸರು ಧೂಳು ತಗಸು, ಆ ಆರ್ಮ್ ಕೂತ ಕ್ಯಾಮಿಗೆ (ಶೂ ಅಗಲಿಸೋ ಭಾಗಕ್ಕ) ಒಂದಿಷ್ಟ ಗ್ರೀಸ್ ಹಚ್ಚಸು, ಶೂಗೆ ಮಾತ್ರ ಗ್ರೀಸ್ ತಾಗಬಾರದು. ಮುಂದಿನ ಡ್ರಮ್ಮಿಗೂ ಅದ ಕೆಲಸ. ಅಪ್ಪಾರು ಅಡ್ಜಸ್ಟ್ ಮಾಡಿದ ಮ್ಯಾಲೆ ಮೊದ್ಲ ಟಾರ್ ರಸ್ತೆ ಮ್ಯಾಲೆ ಸಾವಕಾಶ ಓಡಿಸಿ ಬ್ರೇಕ್ ಹಿಡಿದು ನೋಡ್ಲಿ, ಆಮ್ಯಾಲೆ ಆ ಇಳಿಜಾರಿಗೆ ಹೋಗ್ಲಿ. ಅಲ್ಲಿ ಏನಾತು ಅಂತ ಇಲ್ಲೇ ಬಂದು ಹೇಳು.